ಹಪ್ಪಳದವಳ ಉಪವಾಸ

ಅನ್ನದಲ್ಲಿ ರುಚಿಯಾಗಿ, ಔಷಧದಲ್ಲಿ ಗುಣವಾಗಿ, ನೊಂದವರ ಕಣ್ಣೊಳಗಿಂದ ನಮ್ಮನ್ನೇ ನೋಡುತ್ತಿರುವ ಪರಮಾತ್ಮನಿಗೆ ಶರಣು. ಅವನನ್ನು ನೆನೆದು ಈ ಕತೆ ಹೇಳುತ್ತೇನೆ.

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನಾನೂ ಉಪವಾಸದ ವ್ರತ ಹಿಡಿಯಬೇಕೆಂದಿದ್ದೇನೆ. ದೇವರಿಗೆ ಎಂಥ ಉಪವಾಸ ಮೆಚ್ಚುಗೆ?"

ಗುರುಗಳು ಹೇಳತೊಡಗಿದರು.

ನಾನು ಮೊದಲಿದ್ದ ಊರಿನಲ್ಲಿ ಒಬ್ಬ ಹೆಂಗಸಿದ್ದಳು. ಹಪ್ಪಳ ಲಟ್ಟಿಸಿ ಬದುಕುತ್ತಿದ್ದಳು. ಚಿಕ್ಕ ವಯಸ್ಸಿನಲ್ಲೇ ಅವಳಿಗೆ ಸಕ್ಕರೆ ಕಾಯಿಲೆ ಬಂದಿತ್ತು. ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಂಡರೆ ಉಂಡದ್ದು ಮೈಗೆ ಹತ್ತುತ್ತಿತ್ತು; ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಫ್ರಿಜ್ ಇರಲಿಲ್ಲ. ಬಾಟಲಿಯನ್ನು ಒದ್ದೆ ಮರಳಿನ ಮಡಕೆಯಲ್ಲಿ ಇಡುತ್ತಿದ್ದಳು. ಒಂದು ಬಾಟಲಿ ಇಪ್ಪತ್ತು ದಿನ ಬರುತ್ತಿತ್ತು.

ಒಂದು ವರ್ಷ ಬಾಟಲಿಯ ಬೆಲೆ ಏರಿತು. ಹಪ್ಪಳದ ಕೂಲಿ ಏರಲಿಲ್ಲ. ಪುಕ್ಕಟೆ ಕೊಡುವ ಆಸ್ಪತ್ರೆಗೆ ಹೋದಳು. "ಮುಗಿದಿದೆ, ಮುಂದಿನ ತಿಂಗಳು ಬಾ" ಎಂದರು. ಮುಂದಿನ ತಿಂಗಳೂ ಅದನ್ನೇ ಹೇಳಿದರು.

ಆಗ ಅವಳು ತನ್ನಷ್ಟಕ್ಕೆ ತಾನೇ ಒಂದು ತೀರ್ಮಾನಕ್ಕೆ ಬಂದಳು. ಉಂಡರೆ ತಾನೇ ಸೂಜಿ? ಉಣ್ಣದ ದಿನ ಸೂಜಿ ಬೇಡ. ಅದು ತಪ್ಪು ತಿಳಿವಳಿಕೆ. ಉಂಡರೂ ಬಿಟ್ಟರೂ ಆ ಮೈಗೆ ಇನ್ಸುಲಿನ್ ಬೇಕೇ ಬೇಕು. ಆದರೆ ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಅವಳಿಗೆ ಹೇಳಲಿಲ್ಲ.

ಹಪ್ಪಳ ಮಾಡುವಲ್ಲಿ ಎಲ್ಲರೂ ಬುತ್ತಿ ಬಿಚ್ಚಿದಾಗ ಅವಳು ಸುಮ್ಮನೆ ಕೂತಳು. ಯಾಕೆಂದು ಕೇಳಿದರು. ನಿಜ ಹೇಳಲು ನಾಚಿಕೆಯಾಯಿತು. "ಸೋಮವಾರ ಅಲ್ವಾ ಅಕ್ಕ, ಉಪವಾಸ" ಎಂದಳು. ಆಮೇಲೆ ಗುರುವಾರ ಸೇರಿತು. ಶನಿವಾರ ಸೇರಿತು. ಏಕಾದಶಿ, ಸಂಕಷ್ಟಿ ಸೇರಿದವು.

ಜೊತೆಯವಳೊಬ್ಬಳು ಛೇಡಿಸಿದಳು: "ಅಲ್ಲ ಕಣೇ, ಇರೋ ದೇವರಿಗೆಲ್ಲ ನೀನೊಬ್ಬಳೇ ಉಪವಾಸ ಮಾಡಿದ್ರೆ ನಮ್ಮ ಪಾಲಿಗೆ ಯಾವ ದೇವರು ಉಳೀತಾನೆ?"

"ಉಣ್ಣೋ ದೇವರು ಉಳೀತಾನೆ. ಅವನನ್ನ ನೀವೇ ಇಟ್ಕೊಳ್ಳಿ" ಎಂದಳು ಇವಳು. ಎಲ್ಲರೂ ನಕ್ಕರು.

ಆ ಊರಿನ ಔಷಧದ ಅಂಗಡಿಯ ವರ್ತಕ ದೊಡ್ಡ ಭಕ್ತ. ಬಾಗಿಲು ತೆಗೆದು ಊದುಬತ್ತಿ ಹಚ್ಚದೆ ಒಂದು ಮಾತ್ರೆಯನ್ನೂ ಮಾರುತ್ತಿರಲಿಲ್ಲ. ಇಪ್ಪತ್ತು ದಿನಕ್ಕೊಮ್ಮೆ ಬಾಟಲಿಗೆ ಬರುತ್ತಿದ್ದ ಇವಳು ನಲವತ್ತು ದಿನಕ್ಕೆ ಬಂದಳು. ಆಮೇಲೆ ಎರಡು ತಿಂಗಳಿಗೆ ಬಂದಳು.

"ಏನಮ್ಮ, ಸಕ್ಕರೆ ಹತೋಟಿಗೆ ಬಂದ ಹಾಗಿದೆ?" ಎಂದು ಕೇಳಿದ.

"ಹೂಂ ಅಣ್ಣ, ದೇವರ ದಯೆ" ಎಂದಳು.

ವರ್ತಕ ಅಲ್ಲಿದ್ದ ಗಿರಾಕಿಗಳ ಕಡೆ ತಿರುಗಿದ. "ನೋಡಿ, ವ್ರತದ ಫಲ ಅಂದ್ರೆ ಇದು. ನನ್ನ ವ್ಯಾಪಾರಕ್ಕೆ ಖೋತಾ, ಆದ್ರೂ ಹೇಳ್ತೀನಿ" ಎಂದ. ಒಂದು ಬಾಟಲಿ ಎಷ್ಟು ದಿನ ಬರುತ್ತದೆಂದು ಅವನಿಗೆ ಗೊತ್ತಿದ್ದಷ್ಟು ಆ ಊರಿನಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಅವಳು ಸಣ್ಣಗಾದಳು. ತಪಸ್ಸು ಎಂದರು. ಕೊಡಗಟ್ಟಲೆ ನೀರು ಕುಡಿದಳು. ಬರೀ ನೀರಿನ ಮೇಲೇ ಇದ್ದಾಳೆ ಎಂದರು. ಹೆಂಗಸರು ಬಂದು ಅವಳ ಕಾಲು ಮುಟ್ಟತೊಡಗಿದರು. ಅವಳು ಕಾಲು ಹಿಂದಕ್ಕೆಳೆದುಕೊಂಡರೆ, ಎಂಥ ವಿನಯ ಎಂದರು.

ಊರವರು ಅವಳಿಗೆ ಸನ್ಮಾನ ಮಾಡಲು ನಿಶ್ಚಯಿಸಿದರು. ಖರ್ಚು ವರ್ತಕನದು. ಶಾಲು ಹೊದಿಸಲು ನನ್ನನ್ನು ಕರೆದರು. ಹೋದೆ. ಹೊದಿಸುವಾಗ ಅವಳ ಉಸಿರು ನನ್ನ ಮುಖಕ್ಕೆ ತಾಗಿತು. ಮಾಗಿದ ಹಣ್ಣಿನ ವಾಸನೆ. ಬೆಳಗಿನಿಂದ ಒಂದು ತುತ್ತೂ ಮುಟ್ಟದವಳ ಬಾಯಲ್ಲಿ ಹಣ್ಣಿನ ವಾಸನೆ! ನಾನು ಅದನ್ನು ಸಭೆಗೆ ಹೇಳಿದೆ. ಇದು ದೈವದ ಪರಿಮಳ ಎಂದೆ. ಜನ ಎದ್ದು ನಿಂತು ಕೈಮುಗಿದರು. ಅವಳು ಏನೋ ಹೇಳಲು ಬಾಯಿ ತೆರೆದಳು. ಚಪ್ಪಾಳೆಯ ಸದ್ದಿನಲ್ಲಿ ಕೇಳಿಸಲಿಲ್ಲ.

ಅದಾದ ಎರಡನೆಯ ದಿನ ಅವಳು ಹಪ್ಪಳದ ಮಣೆಯ ಮೇಲೆ ಕುಸಿದಳು. ಅವಳ ತಂಗಿ ಆಸ್ಪತ್ರೆಗೆ ಹೊತ್ತೊಯ್ದಳು. ವೈದ್ಯರು ಅವಳ ಮುಖದ ಹತ್ತಿರ ಬಾಗಿದವರೇ ಕೇಳಿದರು: "ಈ ವಾಸನೆ ಎಷ್ಟು ದಿನದಿಂದ ಇದೆ? ಇನ್ಸುಲಿನ್ ಸಿಗದೆ ಮೈ ತನ್ನನ್ನು ತಾನೇ ಸುಟ್ಟುಕೊಳ್ಳುವಾಗ ಬರುವ ವಾಸನೆ ಇದು. ವಾಸನೆ ಬಂದ ದಿನವೇ ಕರೆತಂದಿದ್ದರೆ ಉಳಿಸಬಹುದಿತ್ತು."

ಅವಳು ಉಳಿಯಲಿಲ್ಲ.

ಅವಳ ಹೆಸರಿನಲ್ಲಿ ಒಂದು ಕಲ್ಲಿನ ಮಂಟಪ ಕಟ್ಟಬೇಕೆಂದು ಊರು ಸೇರಿತು. ಬೇಕಾದ್ದಕ್ಕಿಂತ ಹೆಚ್ಚೇ ಹಣ ಬಂತು. ತಂಗಿ ಬಂದು ನನ್ನೆದುರು ನಿಂತಳು.

"ಬುದ್ಧೀ, ನಮ್ಮಕ್ಕ ಯಾವ ವ್ರತಾನೂ ಹಿಡಿದಿರಲಿಲ್ಲ. ಔಷಧ ಕೊಳ್ಳೋಕಾಗದೆ ಊಟ ಬಿಟ್ಟಿದ್ದಳು. ನಮ್ಮ ಬೀದಿಯಲ್ಲಿ ಸೂಜಿ ಚುಚ್ಚಿಕೊಳ್ಳೋರು ಇನ್ನೂ ನಾಲ್ಕು ಜನ ಇದ್ದಾರೆ. ಅವಳಿಗೆ ಕಲ್ಲು ಬೇಡ. ಅವರ ಕೈಗೆಟುಕೋ ಬೆಲೆಗೆ ಬಾಟಲಿ ಸಿಗೋ ಹಾಗೆ ಮಾಡಿ."

ವರ್ತಕ ಮೆಲ್ಲಗೆ ಹೇಳಿದ: "ದೇವರ ಹೆಸರಲ್ಲಿ ಕೊಟ್ಟ ಹಣವನ್ನ ಅಂಗಡಿಗೆ ಸುರಿದ್ರೆ ಪಾಪ ಬರುತ್ತಮ್ಮ. ಬೆಲೆ ಇಳಿಸೋಣ ಅಂದ್ರೆ, ಅದು ಮೇಲಿಂದ ಬರುತ್ತೆ. ನನ್ನ ಕೈಯಲ್ಲಿ ಏನಿದೆ?"

"ಮೇಲಿಂದ ಅಂದ್ರೆ ಎಷ್ಟು ಮೇಲಿಂದ ಅಣ್ಣ? ದೇವರ ಹತ್ರದಿಂದಲಾ?" ಎಂದಳು ತಂಗಿ.

ಊರು ಮಂಟಪಕ್ಕೇ ಒಪ್ಪಿತು. ನಾನೂ ಒಪ್ಪಿದೆ. ಮಂಟಪ ಎದ್ದಿತು. ಬೆಲೆ ಇದ್ದ ಹಾಗೇ ಇತ್ತು. ಆ ನಾಲ್ವರಲ್ಲಿ ಇಬ್ಬರು ಈಗ ಅದೇ ಮಂಟಪದಲ್ಲಿ ಕೂತು ಉಪವಾಸ ಮಾಡುತ್ತಾರೆ. ಜನ ಅವರ ಕಾಲನ್ನೂ ಮುಟ್ಟುತ್ತಾರೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: "ಗುರುಗಳೇ, ಅವಳ ಉಪವಾಸವನ್ನು ದೇವರು ಒಪ್ಪಿಕೊಂಡನೇ?"

ಗುರುಗಳು ಹೇಳಿದರು: "ಹಸಿವು ದೇವರು ಕೊಟ್ಟದ್ದು, ಅನ್ನ ದೇವರು ಕೊಟ್ಟದ್ದು, ಔಷಧವೂ ದೇವರು ಕೊಟ್ಟದ್ದೇ; ಉಪವಾಸವೊಂದು ಮಾತ್ರ ನಾವು ಕೊಟ್ಟದ್ದು."

ಇದನ್ನು ಕೇಳಿದ ನಿಮ್ಮೆಲ್ಲರ ಮನೆಯಲ್ಲಿ ಹೊತ್ತು ಹೊತ್ತಿಗೆ ಅನ್ನವಿರಲಿ. ಕಾಯಿಲೆಯಿದ್ದವರಿಗೆ ಬೇಕಾದಷ್ಟು ಔಷಧ ಬೇಕಾದ ದಿನ ಸಿಗಲಿ. ಪಕ್ಕದಲ್ಲಿ ಉಣ್ಣದೆ ಕೂತವರನ್ನು ಯಾಕೆಂದು ಇನ್ನೊಮ್ಮೆ ಕೇಳುವ ಮನಸ್ಸನ್ನು ಪರಮಾತ್ಮ ನಿಮಗೂ ನನಗೂ ಕೊಡಲಿ.