ಅಲುಗಾಡದ ಗಾಜು

ಹೊಳೆಯ ಪಕ್ಕದಲ್ಲಿ ಎಂಟು ಮೈಲಿ ಹಳಿ. ಒಂದು ಶೆಡ್ಡು, ಒಂದು ಹಳೇ ಉಗಿ ಎಂಜಿನ್ನು, ಎರಡು ಡಬ್ಬಿ. ದೊಡ್ಡ ರೈಲು ಬೇರೆ ದಾರಿ ಹಿಡಿದ ಮೇಲೆ ಊರಿನ ಹನ್ನೊಂದು ಜನ ಸೇರಿ, ಸಂಬಳ ಸಾರಿಗೆ ಅನ್ನದೆ, ಭಾನುವಾರ ಭಾನುವಾರ ಅದನ್ನು ಓಡಿಸುತ್ತಿದ್ದರು.

ಕೊರೊನಾ ಬಂತು. ಎಂಜಿನ್ನು ಎರಡು ವರ್ಷ ತಣ್ಣಗೆ ನಿಂತಿತು.

ಶೆಡ್ಡಿನ ಬೀಗ ತೆಗೆದ ದಿನ ಬಂದವರು ನಾಲ್ಕೇ ಜನ. ಎಂಜಿನ್ ನಡೆಸೋದಕ್ಕೆ ಉಸ್ತಾದ್ ದಾವೂದ್ ಸಾಹೇಬರಿದ್ದರು, ಎಪ್ಪತ್ತೆಂಟು ವರ್ಷ. ಬೆಂಕಿ ನೋಡಿಕೊಳ್ಳುವವರು ಮೊದಲು ಮೂವರಿದ್ದರು. ಒಬ್ಬ ತೀರಿಕೊಂಡಿದ್ದ, ಇನ್ನೊಬ್ಬ ಊರು ಬಿಟ್ಟಿದ್ದ. ಉಳಿದವನು ಉಸ್ತಾದರ ಶಿಷ್ಯ, ಟೈಲರ್ ಜವರಯ್ಯ.

ಒಂದು ತಿಂಗಳ ದುರಸ್ತಿಯ ಮೇಲೆ ಪರೀಕ್ಷೆಯ ಓಟದ ದಿನ ಬಂತು. ತನಿಖೆಗೆ ಬಂದ ಎಂಜಿನಿಯರ್ ಮೇಡಂ ಹಿಂದಿನ ಡಬ್ಬಿಯಲ್ಲಿ ಕೂತಿದ್ದರು. ಅವರು ಒಪ್ಪಿದರೆ ಭಾನುವಾರ ಜನ ಹತ್ತಬಹುದು. ಒಪ್ಪದಿದ್ದರೆ ಎಂಜಿನ್ನು ಶೆಡ್ಡಿನಲ್ಲೇ ತುಕ್ಕು ಹಿಡಿಯಬೇಕು.

"ಉಸ್ತಾದ್, ಒಂದು ಮಾತು," ಅಂದ ಜವರಯ್ಯ. "ನನಗೆ ಮೊದಲಿನ ಧೈರ್ಯ ಇಲ್ಲ. ಸಲಿಕೆ ಹಿಡಿದರೆ ಕೈ ನಡುಗುತ್ತೆ."

"ಬಟ್ಟೆ ಹೊಲಿಯುವಾಗ?"

"ಆಗಲೂ ಅಷ್ಟೇ. ಹೋದ ವಾರ ಪಂಚಾಯ್ತಿ ಮೆಂಬರ್ ಷರಟಿಗೆ ಒಂದು ತೋಳು ಉದ್ದ ಇಟ್ಟುಬಿಟ್ಟೆ."

"ಬಿಡು. ಆ ಮನುಷ್ಯನ ಕೈ ಮೊದಲಿಂದಲೂ ಉದ್ದವೇ."

"ತಮಾಷೆ ಬೇಡಿ ಉಸ್ತಾದ್. ಈ ಭಯ ಹೋಗೋ ದಾರಿ ಹೇಳಿ."

ಉಸ್ತಾದ್ ಸೀಟಿಯ ಸರಪಳಿ ಎಳೆದರು. ಹೊಳೆಯಾಚೆಯ ಕೊಕ್ಕರೆಗಳೆಲ್ಲ ಎದ್ದವು.

"ಇದ್ದಲು ಹಾಕು," ಅಂದರು.

ಎಂಜಿನ್ನು ಹೊರಟಿತು.

ಜವರಯ್ಯ ಇದ್ದಲು ಹಾಕಿದ, ನೀರು ನೋಡಿದ. ಮತ್ತೆ ಇದ್ದಲು, ಮತ್ತೆ ನೀರು. ಬೆಂಕಿಗಿಂತ ನೀರಿನ ಭಯವೇ ದೊಡ್ಡದು. ಬೆಂಕಿಗೂಡಿನ ನೆತ್ತಿಯ ಮೇಲೆ ಸದಾ ನೀರು ನಿಂತಿರಬೇಕು. ಅದು ಬತ್ತಿದರೆ ಬಾಯ್ಲರು ಉಳಿಯೋದಿಲ್ಲ, ಎದುರು ನಿಂತವನೂ ಉಳಿಯೋದಿಲ್ಲ.

ಒಳಗಿನ ನೀರು ಎಷ್ಟಿದೆ ಅಂತ ತೋರಿಸೋದಕ್ಕೆ ಎರಡು ಗಾಜಿನ ಕೊಳವೆಗಳಿವೆ, ಎಡಕ್ಕೊಂದು, ಬಲಕ್ಕೊಂದು. ಒಂದು ಕೆಟ್ಟರೆ ಇನ್ನೊಂದು ಇರಲಿ ಅಂತ.

ಹೊರಡುವಾಗ ಎರಡೂ ಅರ್ಧಕ್ಕಿದ್ದವು. ಎರಡು ಮೈಲಿ ದಾಟಿದ ಮೇಲೆ ಬಲಗಡೆಯದರಲ್ಲಿ ನೀರು ಕುಣಿಯುತ್ತಾ ಇಳಿಯತೊಡಗಿತು. ಏರಿತು, ಕುಸಿಯಿತು, ಮತ್ತೆ ಏರಿತು. ಎಡಗಡೆಯದು ಮಾತ್ರ ಅರ್ಧಕ್ಕೇ ನಿಂತಿತ್ತು, ಗೆರೆ ಎಳೆದ ಹಾಗೆ.

ಬಲಗಡೆ ನೋಡಿದರೆ ಜವರಯ್ಯನ ಬಾಯಿ ಒಣಗುತ್ತಿತ್ತು, ಎಡಗಡೆ ನೋಡಿದರೆ ಉಸಿರು ಬರುತ್ತಿತ್ತು. ಮೂರನೇ ಮೈಲಿಯಲ್ಲಿ ಅವನು ಹೆಗಲ ಮೇಲಿನ ಬಟ್ಟೆ ತೆಗೆದು ಬಲಗಡೆಯ ಗಾಜಿಗೆ ಸುತ್ತಿಬಿಟ್ಟ.

ಉಸ್ತಾದ್ ಅದನ್ನು ನೋಡಿದರು. "ಅದಕ್ಕೇನು, ಚಳಿಯಾ?"

"ಕೆಟ್ಟಿದೆ ಉಸ್ತಾದ್. ಒಂದು ಕಡೆ ನಿಲ್ಲೋದೇ ಇಲ್ಲ."

"ಈ ಎಡಗಡೆಯದು?"

"ಇದು ಸರಿಯಾಗಿದೆ. ನಿಂತ ಕಡೆ ನಿಂತಿದೆ. ನೋಡಿದರೆ ಸಮಾಧಾನ."

ಉಸ್ತಾದರ ಕೈ ಉಗಿಯ ಹಿಡಿಯ ಮೇಲೆ ಹೋಯಿತು. ಜವರಯ್ಯನಿಗೆ ತಡೆಯಲಾಗಲಿಲ್ಲ.

"ಆಸ್ಪತ್ರೆಯಲ್ಲಿ ನಮ್ಮ ಭಾವನ ಬೆರಳಿಗೆ ಆಕ್ಸಿಜನ್ ನೋಡೋ ಕ್ಲಿಪ್ಪು ಹಾಕಿದ್ದರಲ್ಲ, ಅದರ ಅಂಕಿ ಹೀಗೇ ಏರೋದು, ಇಳಿಯೋದು. ಹನ್ನೊಂದು ದಿನ ಕೂತು ನೋಡಿದೆ. ಹನ್ನೆರಡನೇ ದಿನ ಹೆಣ ತಗೊಂಡು ಬಂದೆ. ಇನ್ನೊಂದು ಸಲ ಏರೋದು ಇಳಿಯೋದು ನೋಡೋ ಶಕ್ತಿ ನನ್ನಲ್ಲಿಲ್ಲ."

ಉಸ್ತಾದ್ ಉಗಿ ತಗ್ಗಿಸಿ ಎಂಜಿನ್ನು ನಿಲ್ಲಿಸಿದರು. ಎದ್ದು ಬಂದು ಎಡಗಡೆಯ ಗಾಜಿನ ಕೆಳಗಿನ ತಿರುಪು ತೆರೆದರು. ಬುಸ್ ಅಂತ ಉಗಿ ಹಾರಿ ಗಾಜು ಬರಿದಾಯಿತು. ತಿರುಪು ಮುಚ್ಚಿದರು.

"ನೋಡು. ಬಾಯ್ಲರಿನಿಂದ ಬರೋ ದಾರಿ ಸರಿಯಿದ್ದರೆ ನೀರು ಹಾರಿ ಬರಬೇಕು."

ಬರಲಿಲ್ಲ. ಬರಿಗಾಜು ಬರಿಗಾಜಾಗಿಯೇ ನಿಂತಿತು.

"ಉಸ್ತಾದ್..."

"ಎರಡು ವರ್ಷ ತಣ್ಣಗೆ ಕೂತ ಬಾಯ್ಲರು. ಒಳಗಿನ ಚಕ್ಕೆ ಎದ್ದು ಕೊಳವೆಯ ಬಾಯಿ ಕಟ್ಟಿದೆ. ನೀನು ನೋಡುತ್ತಿದ್ದುದು ಯಾವಾಗಲೋ ಸಿಕ್ಕಿಕೊಂಡ ನೀರು."

ಜವರಯ್ಯ ಬಲಗಡೆಯ ಬಟ್ಟೆ ಕಿತ್ತ. ಅಲ್ಲಿ ನೀರು ತಳದಿಂದ ಎರಡು ಬೆರಳು ಮೇಲಿತ್ತು, ಅಷ್ಟೇ. ಉಸ್ತಾದ್ ಅದರ ತಿರುಪನ್ನೂ ತೆರೆದು ಮುಚ್ಚಿದರು. ನೀರು ಚಂಗನೆ ಹಾರಿ ಬಂದು ಅದೇ ಎರಡು ಬೆರಳಿಗೆ ನಿಂತು ನಡುಗಿತು.

"ನೀರು ಬಿಡು," ಅಂದರು.

ಜವರಯ್ಯ ನೀರು ತಳ್ಳುವ ಇಂಜೆಕ್ಟರಿನ ಹಿಡಿ ಎಳೆದ. ಅದು ಕೆಮ್ಮಿತು, ನೀರನ್ನು ಹಳಿಗೆ ಉಗುಳಿತು. ಮತ್ತೆ ಎಳೆದ, ಮತ್ತೆ ಉಗುಳಿತು. ಬೆವರು ಕಣ್ಣಿಗಿಳಿಯಿತು. ಹಿಂದಿನ ಡಬ್ಬಿಯ ಕಿಟಕಿಯಿಂದ ಮೇಡಂ ತಲೆ ಹೊರಹಾಕಿದ್ದರು.

"ಅವಸರದಲ್ಲಿ ಎಳೆಯಬೇಡ. ಮೊದಲು ನೀರು. ಆಮೇಲೆ ಉಗಿ," ಅಂದರು ಉಸ್ತಾದ್.

ಮೂರನೇ ಸಲ ಅದು ಹಿಡಿಯಿತು. ಸಣ್ಣಗೆ ಹಾಡುವ ಸದ್ದು ಬಂತು. ಬಲಗಡೆಯ ಗಾಜಿನಲ್ಲಿ ನೀರು ಕುಣಿಯುತ್ತಾ ಕುಣಿಯುತ್ತಾ ಮೇಲೇರಿತು. ಉಳಿದ ಐದು ಮೈಲಿ ಜವರಯ್ಯ ಅದರಿಂದ ಕಣ್ಣು ಕೀಳಲಿಲ್ಲ.

ಕೊನೆಯ ನಿಲ್ದಾಣದಲ್ಲಿ ಮೇಡಂ ಇಳಿದು ಬಂದರು. "ದಾರಿಯಲ್ಲಿ ಯಾಕೆ ನಿಂತಿರಿ?"

ಜವರಯ್ಯ ಉಸ್ತಾದರ ಮುಖ ನೋಡಿದ. ಉಸ್ತಾದ್ ಹೊಳೆ ನೋಡುತ್ತಿದ್ದರು.

"ಒಂದು ಗಾಜು ಕಟ್ಟಿಕೊಂಡಿತ್ತು ಮೇಡಂ," ಅಂದ. "ನಾನು ಅದನ್ನೇ ನಂಬಿ, ಸರಿಯಿದ್ದುದಕ್ಕೆ ಬಟ್ಟೆ ಸುತ್ತಿದ್ದೆ. ನೀರು ತಳ ಮುಟ್ಟೋದಿತ್ತು. ಉಸ್ತಾದ್ ನೋಡಿದರು."

ಮೇಡಂ ಬಹಳ ಹೊತ್ತು ಬರೆದುಕೊಂಡರು.

"ಕೊಳವೆ ಬಿಚ್ಚಿ ಚೊಕ್ಕ ಮಾಡಿ. ಶನಿವಾರ ಮತ್ತೆ ಬರ್ತೀನಿ, ಆಮೇಲೆ ಭಾನುವಾರದ ಮಾತು. ಬೆಂಕಿ ನೋಡೋರು ಯಾರು ಅಂತ ಇದರಲ್ಲಿ ಹೆಸರು ತುಂಬಿ ಕೊಡಿ." ಒಂದು ಕಾಗದ ಕೊಟ್ಟು ಜೀಪಿನ ಕಡೆ ನಡೆದರು.

ಉಸ್ತಾದ್ ಜೇಬಿನಿಂದ ಪೆನ್ನು ತೆಗೆದರು.

"ನನ್ನ ಹೆಸರು ಬರೀಬೇಡಿ," ಅಂದ ಜವರಯ್ಯ.

"ಬೇರೆ ಯಾರಿದ್ದಾರೆ?"

"ಯಾರೂ ಇಲ್ಲದಿದ್ದರೆ ರೈಲು ನಿಲ್ಲಲಿ. ಇವತ್ತು ನಾವಿಬ್ಬರು, ಹಿಂದೆ ಆಯಮ್ಮ. ಭಾನುವಾರ ಮಕ್ಕಳು ಮರಿ ಹತ್ತುತ್ತಾರೆ ಉಸ್ತಾದ್."

"ತಂದೆ ಹೆಸರು ಕೇಳಿದ್ದಾರೆ. ಏನು ಬರೀಲಿ?"

"ನನ್ನ ಕೈ ನೋಡಿ ಮೊದಲು." ಜವರಯ್ಯ ಇದ್ದಲಿನ ಎರಡೂ ಕೈಗಳನ್ನು ಅವರ ಮುಖದ ಮುಂದೆ ಹಿಡಿದ. "ಇನ್ನೂ ನಡುಗೋದು ನಿಂತಿಲ್ಲ."

ಉಸ್ತಾದ್ ಕಾಗದವನ್ನು ಎಂಜಿನ್ನಿನ ಮೆಟ್ಟಿಲ ಮೇಲಿಟ್ಟು, ಒಂದೊಂದೇ ಅಕ್ಷರವಾಗಿ ಅವನ ಹೆಸರು ಬರೆದರು.

"ನಡುಗೋದು ನಿಂತ ದಿನ ಬಂದು ಹೇಳು," ಅಂದರು. "ಅವತ್ತು ಈ ಹೆಸರು ಹೊಡೆದುಹಾಕ್ತೀನಿ."