ಗುಹೆಮೀನಿಗೆ ಬಂದ ಕಣ್ಣು

ಅದು ಜೂನ್ ತಿಂಗಳ ಮೊದಲ ಸೋಮವಾರ. ಸ್ವಂತ ಪ್ರಯೋಗಾಲಯ ನಡೆಸುತ್ತಿದ್ದ ಶಿಷ್ಯನೊಬ್ಬ ನಿವೃತ್ತ ಗುರುವಿನ ಮನೆಗೆ ಬಂದು ಕೇಳಿದ: “ಸಾರ್, ನನ್ನ ಸಂಶೋಧನಾ ವಿದ್ಯಾರ್ಥಿನಿಗೆ ಸ್ವಂತ ಬುದ್ಧಿಯೇ ಇಲ್ಲ. ಮೊದಲಿನ ಇಬ್ಬರೂ ಹೀಗೇ ಇದ್ದರು, ಕಳಿಸಿಬಿಟ್ಟೆ. ಇವಳನ್ನೂ ಕಳಿಸಲೇ?”

“ಬುದ್ಧಿ ಇಲ್ಲ ಅಂತ ಹೇಗೆ ಗೊತ್ತಾಯಿತು?”

“ಚರ್ಚೆಗೆ ಕೂತರೆ ಬಾಯೇ ಬಿಡುವುದಿಲ್ಲ. ಇಡೀ ಗಂಟೆ ನಾನೊಬ್ಬನೇ ಮಾತಾಡಬೇಕು.”

“ಪಾಪ, ಗಂಟಲು ಒಣಗಿರಬೇಕು. ನೀರು ಕುಡಿ,” ಎಂದು ಗುರು ಕತೆ ಹೇಳಿದರು.

ಒಬ್ಬ ಸಂಶೋಧಕ ಗುಹೆಮೀನು ಸಾಕುತ್ತಿದ್ದ. ಅವು ತಲೆಮಾರುಗಳಿಂದ ಕತ್ತಲ ಗುಹೆಯಲ್ಲಿದ್ದು ಕಣ್ಣನ್ನೇ ಕಳೆದುಕೊಂಡ ಮೀನುಗಳು. ಗುಹೆಯ ಮೀನಿಗೆ ಗುಹೆಯಂಥದೇ ಕೋಣೆ ಬೇಕೆಂದು ಹಿಂದಿನವರು ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ಒಳಗೆ ಯಾರೂ ದೀಪ ಹಾಕುತ್ತಿರಲಿಲ್ಲ.

ಕಣ್ಣು ಬೆಳೆಯದಂತೆ ತಡೆಯುವ ವಂಶವಾಹಿ ಯಾವುದೆಂದು ಅವನು ಊಹಿಸಿದ್ದ. ಆಗಷ್ಟೇ ಇಟ್ಟ ಮೊಟ್ಟೆಗಳಿಗೆ ಗಾಜಿನ ಸೂಜಿ ಚುಚ್ಚಿ, ಆ ವಂಶವಾಹಿಯನ್ನು ಕತ್ತರಿಸುವ ದ್ರವ ಬಿಟ್ಟ. ಹೆಚ್ಚಿನವು ಸತ್ತವು. ಬದುಕಿದ ಮರಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಕಣ್ಣು ಮೂಡಿತ್ತು.

ಮೀನು ದೊಡ್ಡವಾದ ಮೇಲೆ ನೋಟದ ಪರೀಕ್ಷೆ ಮಾಡಿದ. ತೊಟ್ಟಿಯ ಗಾಜಿನ ಮುಂದೆ ಕರಿ ರಟ್ಟು ಸರಿಸುತ್ತ, ಕತ್ತಲಲ್ಲೂ ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಗಮನಿಸಿದ. ನೋಟವಿರುವ ಮೀನಾದರೆ ಬೆದರಿ ಓಡಬೇಕು. ಒಂದೂ ಓಡಲಿಲ್ಲ. ಮತ್ತೆ ಸರಿಸಿದ. ಓಡಲಿಲ್ಲ. ಕಣ್ಣು ಬಂದರೂ ನೋಟ ಬಂದಿಲ್ಲ ಎಂದು ತೀರ್ಮಾನಿಸಿದ. ತೊಟ್ಟಿ ತೆರವು ಮಾಡಲು ಮೀನುಗಳನ್ನು ಒಂದೊಂದಾಗಿ ಅರಿವಳಿಕೆ ಬೆರೆಸಿದ ನೀರಿಗೆ ಬಿಟ್ಟು ಕೊಲ್ಲತೊಡಗಿದ.

ಪಕ್ಕದ ಪ್ರಯೋಗಾಲಯದ ಗೆಳತಿ ಬಂದವಳು ಕೇಳಿದಳು: “ಯಾವ ಬೆಳಕಲ್ಲಿ ಪರೀಕ್ಷೆ ಮಾಡಿದೆ ಮಾರಾಯ?”

“ಗುಹೆಮೀನಿನ ಕೋಣೆಯಲ್ಲಿ ಬೆಳಕು ಎಲ್ಲಿಂದ ಬರಬೇಕು?” ಎಂದ. ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ನಿಂತಿತು.

ಎದ್ದು ಹೋಗಿ ಕಿಟಕಿಯ ಬಟ್ಟೆ ಕಿತ್ತ. ಬಿಸಿಲು ತೊಟ್ಟಿಗೆ ಬಿತ್ತು. ಅದರಲ್ಲಿ ಉಳಿದಿದ್ದುದು ಒಂದೇ ಮೀನು. ರಟ್ಟು ಸರಿಸಿದ. ಮೀನು ತೊಟ್ಟಿಯ ಆ ಕೊನೆಗೆ ಓಡಿತು.

ಗುರು ಅಲ್ಲಿಗೆ ನಿಲ್ಲಿಸಿದರು. “ಆಮೇಲೆ ಏನು ಮಾಡಿದ ಸಾರ್?” ಎಂದ ಶಿಷ್ಯ.

“ಆ ಒಂದನ್ನು ಬೆಳಕಿನಲ್ಲಿ ಸಾಕಿದ. ನಿನ್ನ ಬಳಿ ಉಳಿದಿರುವವಳೂ ಒಬ್ಬಳೇ, ಮುಂದಿನ ಚರ್ಚೆಯಲ್ಲಿ ಮೊದಲು ಅವಳಿಗೆ ಮಾತು ಬಿಡು.”