ಹತ್ತೊಂಬತ್ತು ಗಂಟೆಯ ನೊಣ

"ಹೊತ್ತು ಹುಟ್ಟುವ ಮೊದಲು ಮಣ್ಣು ಮುಟ್ಟದವನಿಗೆ ಗರಡಿಯಲ್ಲಿ ಜಾಗ ಉಂಟೇ, ಉಸ್ತಾದರೇ?" ಎಂದು ಭರಮಣ್ಣ ಕೇಳಿದ.

ಭರಮಣ್ಣ ಆ ಗರಡಿಯ ಹಿರಿಯ ಶಿಷ್ಯ. ಕೋಳಿ ಕೂಗುವ ಹೊತ್ತಿಗೆ ಸಲಿಕೆ ಹಿಡಿದು ಅಖಾಡದ ಕೆಮ್ಮಣ್ಣು ಅಗೆದು ಹದ ಮಾಡುವುದು ಅವನ ಪಾಲಿನ ಕೆಲಸ. ಮಣ್ಣು ಸಮ ಮಾಡಿದ ಮೇಲೆ ಬಂದವನು ಆ ಬೆಳಗ್ಗೆ ಇಳಿಯುವಂತಿಲ್ಲ. ಅದು ಅಲ್ಲಿಯ ಕಟ್ಟಳೆ. ಸಿದರಾಯನೆಂಬ ಪೈಲ್ವಾನ ಮೂರು ತಿಂಗಳಿಂದ ಆ ಕಟ್ಟಳೆ ಮುರಿಯುತ್ತಲೇ ಇದ್ದ. ಬೆಳಗ್ಗೆ ಎಳೆದು ತಂದು ನಿಲ್ಲಿಸಿದರೆ ನಿಂತಲ್ಲೇ ತೂಕಡಿಸುತ್ತಿದ್ದ. ಸಂಜೆಯಾದರೆ ಎಲ್ಲರಿಗೂ ಮಣ್ಣು ಮುಕ್ಕಿಸುತ್ತಿದ್ದ. ಭರಮಣ್ಣನಿಗೆ ಅದೇ ಹೆಚ್ಚು ಉರಿ.

"ಅವನ ಲಂಗೋಟಿ ಎಲ್ಲಿ?" ಎಂದರು ಉಸ್ತಾದ್ ಗೂಳಪ್ಪ.

"ಬಾಗಿಲ ಆಚೆ ಎಸೆದಿದ್ದೇನೆ. ಯಾವಾಗ ಏಳುತ್ತಾನೋ ಆಗ ಬಂದು ಎತ್ತಿಕೊಂಡು ತನ್ನ ಊರಿಗೆ ಹೋಗಲಿ, ಸೋಮಾರಿ."

ಗೂಳಪ್ಪ ಮೀಸೆಯ ಮೇಲೆ ಕೈಯಾಡಿಸಿದರು. "ನಾನು ಶಾಲೆಯ ಬಾಗಿಲು ಕಂಡವನಲ್ಲ. ನನ್ನನ್ನು ಕಂಡರೆ ಅಕ್ಷರಗಳೇ ಗೋಡೆ ಹತ್ತಿ ಓಡುತ್ತವೆ. ಆದರೆ ಓದಿದವರು ಗಾಜು ಹಾಕಿಕೊಂಡೂ ಕಾಣದ್ದನ್ನು ಬರಿಗಣ್ಣಲ್ಲಿ ಕಂಡ ಗಂಡು ನಾನು. ಕೂತುಕೋ. ಈ ಕತೆಯಲ್ಲಿ ಒಂದು ಸುಳ್ಳು ಸಿಕ್ಕಿದರೆ ಈ ಮೀಸೆಯ ಎಡಗಡೆ ನಿನ್ನದು." ಹೀಗೆಂದು ಕತೆ ಹಿಡಿದರು.

ಒಬ್ಬ ಪಂಡಿತನಿದ್ದ. ಅವನ ಕೈಕೆಳಗೆ ಒಬ್ಬ ನೊಣ ಸಾಕುವವನಿದ್ದ. ನಗಬೇಡ ಭರಮಣ್ಣ, ಆನೆ ಸಾಕುವುದು ಸುಲಭ, ಕಣ್ಣಿಗಾದರೂ ಕಾಣುತ್ತದೆ. ಬಾಳೆಹಣ್ಣು ಕೊಳೆತರೆ ಮುತ್ತುವ ಕೆಂಗಣ್ಣಿನ ಸಣ್ಣ ನೊಣ ಇದೆಯಲ್ಲ, ಅದನ್ನು ಅವನು ಸೀಸೆಗಳಲ್ಲಿ ಸಾಕುತ್ತಿದ್ದ. ಜೋಳದ ಹಿಟ್ಟಿಗೆ ಬೆಲ್ಲ ಹಾಕಿ ಕುದಿಸಿ ಉಣ್ಣಿಸುತ್ತಿದ್ದ. ಒಂದೊಂದು ಸೀಸೆಯಲ್ಲಿ ಒಂದು ಸಂತೆಯಷ್ಟು ನೊಣ. ರೆಕ್ಕೆ ನೋಡಿ, ಇದು ಯಾರ ಮಗಳು, ಯಾರ ಮೊಮ್ಮಗಳು ಎಂದು ಹೇಳಬಲ್ಲವನಾಗಿದ್ದ.

ಅಪ್ಪನ ಗುಣ ಮಗುವಿಗೆ ಹೇಗೆ ಇಳಿಯುತ್ತದೆ ಎಂದು ತಿಳಿಯುವುದು ಪಂಡಿತನ ಕೆಲಸ. ಅದಕ್ಕೆ ತಾನು ಆರಿಸಿದ ಗಂಡಿಗೇ ಹೆಣ್ಣನ್ನು ಕೂಡಿಸಬೇಕು. ಆದ್ದರಿಂದ ಕೋಶ ಒಡೆದು ಬಂದ ಹೆಣ್ಣುನೊಣವನ್ನು, ಬೇರೆ ಗಂಡು ಮುಟ್ಟುವ ಮೊದಲೇ, ಗರಿಯ ತುದಿಯಿಂದ ಆರಿಸಿ ಬೇರೆ ಸೀಸೆಗೆ ಹಾಕಬೇಕು. ಸಾಕುವವನು ಹಾಗೆ ಆರಿಸುತ್ತಿದ್ದುದು ಬೆಳಗಿನ ಜಾವ. ಏಕೆಂದರೆ ನೊಣಗಳು ಹುಟ್ಟಿಬರುವುದು ಆ ಹೊತ್ತಿಗೇ. ಆ ಕೋಣೆಗೆ ಕಿಟಕಿ ಇಲ್ಲ. ಇರುವುದು ಒಂದು ಕೆಂಪು ದೀಪ. ಕೆಂಪು ಬೆಳಕು ನೊಣದ ಕಣ್ಣಿಗೆ ಕಾಣದು. ಸೂರ್ಯನನ್ನು ಆ ನೊಣಗಳ ಅಪ್ಪ ಕಂಡಿಲ್ಲ, ಅಜ್ಜ ಕಂಡಿಲ್ಲ. ಆದರೂ ಬೆಳಗಾಯಿತೆಂದು ಅವಕ್ಕೆ ತಿಳಿಯುತ್ತಿತ್ತು. ಹೊಟ್ಟೆಯೊಳಗೇ ಒಂದು ಕೋಳಿ ಕೂತು ಕೂಗಿದ ಹಾಗೆ.

ಸಾಕುವವನಿಗೆ ಮಾತ್ರ ಆ ಕೋಳಿ ಇರಲಿಲ್ಲ. ನೆತ್ತಿಯ ಮೇಲೆ ಬಿಸಿಲು ಬಂದ ಮೇಲೆಯೇ ಅವನಿಗೆ ಎಚ್ಚರ. ಹೆಂಡತಿ ದಿನಾ ಒಂದು ಕೊಡ ತಣ್ಣೀರು ಸುರಿದು ಎಬ್ಬಿಸುತ್ತಿದ್ದಳು. ಅವಳು ಸುರಿದ ನೀರಿಗೆ ಹಿತ್ತಲಲ್ಲಿ ಮೂರು ಬೆಳೆ ಬಂದವು. ಹಾಗೆ ಒದ್ದೆಯಾಗಿಯೇ ಹನ್ನೆರಡು ವರ್ಷ ಒಂದು ದಿನವೂ ತಪ್ಪದೆ ಬೆಳಗಿನ ಕೆಲಸಕ್ಕೆ ಬಂದ. ಕಣ್ಣು ತೂಗುತ್ತಿತ್ತು, ಕೈ ತಪ್ಪುತ್ತಿರಲಿಲ್ಲ.

ಒಂದು ವರ್ಷ ಒಂದು ಸೀಸೆ ಕೆಟ್ಟಿತು. ಅದರಿಂದ ಆರಿಸಿದ ಹೆಣ್ಣುಗಳು ಮೊದಲೇ ಬಸುರಾಗಿದ್ದವು. ಹುಟ್ಟಿದ ಮರಿಗಳು ಯಾರ ಮಕ್ಕಳೋ ಗೊತ್ತಾಗದೆ ಪಂಡಿತನ ಲೆಕ್ಕಾಚಾರವೆಲ್ಲ ಮಣ್ಣುಗೂಡಿತು.

"ನೀನು ನಿದ್ದೆ ಹೊಡೆದೆ. ಅವು ಹುಟ್ಟಿದ್ದು ನಿನಗೆ ಕಾಣಲಿಲ್ಲ," ಎಂದ ಪಂಡಿತ.

"ನಾನು ತೂಕಡಿಸುತ್ತೇನೆ ಸ್ವಾಮಿ, ಮಲಗುವುದಿಲ್ಲ. ಹನ್ನೆರಡು ವರ್ಷ ತಪ್ಪದ ಕೈ ಈಗ ತಪ್ಪೀತೇ? ತಪ್ಪು ಸೀಸೆಯಲ್ಲಿದೆ."

"ನೊಣ ಸುಳ್ಳು ಹೇಳದು. ಸೀಸೆಯಲ್ಲಿ ತಪ್ಪಿದ್ದರೆ ವಾರದೊಳಗೆ ತೋರಿಸು, ಇಲ್ಲ ಹೊರಡು."

ಸಾಕುವವನಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋಗುವುದಕ್ಕಿಂತ ಕಳ್ಳನಿದ್ದೆಯವನೆಂಬ ಹೆಸರು ಬರುವುದು ಅವನಿಗೆ ದೊಡ್ಡದು. ಆ ಸೀಸೆಯ ಮುಂದೆ ಮುಕ್ಕಾಲಿ ಎಳೆದು ಕೂತ. ಐದು ದಿನ ರೆಪ್ಪೆ ಬಡಿಯಲಿಲ್ಲ. ಅವನ ಕಣ್ಣೂ ನೊಣದ ಕಣ್ಣೂ ಒಂದೇ ಬಣ್ಣವಾದವು. ಒಂದೊಂದು ಗುಂಪು ಹುಟ್ಟಿದಾಗಲೂ ಹೊತ್ತು ನೋಡಿ ಇದ್ದಿಲಿನಿಂದ ಗೋಡೆಗೆ ಗೆರೆ ಎಳೆದ. ಗೆರೆಗಳು ಮಾತಾಡಿದವು. ಒಂದು ಗುಂಪು ಹುಟ್ಟಿ ಹತ್ತೊಂಬತ್ತು ಗಂಟೆಗೆ ಇನ್ನೊಂದು. ಮತ್ತೆ ಹತ್ತೊಂಬತ್ತಕ್ಕೆ ಮತ್ತೊಂದು. ದಿನಕ್ಕೆ ಐದು ಗಂಟೆ ಹಿಂದೆ ಸರಿಯುತ್ತ ಅವುಗಳ ಬೆಳಗು ಸಂಜೆಗೆ ಬರುತ್ತಿತ್ತು, ನಡುಮಧ್ಯಾಹ್ನಕ್ಕೆ ಬರುತ್ತಿತ್ತು. ಜಾವಕ್ಕೆ ಅವನು ಆರಿಸಲು ಬರುವಷ್ಟರಲ್ಲಿ ಆ ಹೆಣ್ಣುಗಳನ್ನು ಗಂಡುಗಳು ಕೂಡಿ ಆಗಿರುತ್ತಿತ್ತು. ಅಷ್ಟೇ ಅಲ್ಲ, ಸೀಸೆಯ ಮೇಲೆ ಗುರುತು ಹಾಕಿದ್ದ ದಿನದಿಂದ ಎಣಿಸಿದರೆ, ಮೊಟ್ಟೆ ಹುಳುವಾಗಿ, ಹುಳು ಕೋಶವಾಗಿ ನೊಣವಾಗುವುದಕ್ಕೆ ಬೇರೆಯವು ಹತ್ತು ದಿನ ತೆಗೆದುಕೊಂಡರೆ ಇವು ಅದಕ್ಕೂ ಮೊದಲೇ ಮುಗಿಸುತ್ತಿದ್ದವು. ಬೆಳಗಷ್ಟೇ ಅಲ್ಲ, ಬಾಲ್ಯವೂ ಬೇರೆ.

ಪಂಡಿತ ಗೋಡೆ ನೋಡಿದ. ಸೀಸೆಯನ್ನು ಎದೆಗೊತ್ತಿಕೊಂಡ.

"ಇವುಗಳ ತಪ್ಪಲ್ಲ ಇದು," ಎಂದ. "ವಂಶದ ದಾರದಲ್ಲಿ ಒಂದೇ ಒಂದು ಗಂಟು ಬೇರೆ ಬಿದ್ದಿದೆ. ಅದಕ್ಕೆ ವಂಶವಾಹಿ ಎನ್ನುತ್ತೇವೆ. ಗಂಟು ಬೇರೆಯಾದರೆ ದಿನವೇ ಬೇರೆ. ಇವನ್ನು ಯಾರೂ ದೂರುವಂತಿಲ್ಲ."

ಆ ಸೀಸೆಗೆ ತಂಪಾದ ಗೂಡು ಮಾಡಿಸಿದ. ಅವು ಯಾವ ಹೊತ್ತಿಗೆ ಹುಟ್ಟುತ್ತವೋ ಆ ಹೊತ್ತಿಗೇ ತಾನು ಎದ್ದು ಹೋಗತೊಡಗಿದ. ಉಣ್ಣುವುದನ್ನು ಬಿಟ್ಟು ಎದ್ದು ಓಡಿದ. ನೊಣಕ್ಕಾಗಿ ಪಂಡಿತ ತನ್ನ ಗಡಿಯಾರವನ್ನೇ ತಿರುಗಿಸಿಕೊಂಡ.

ಐದು ದಿನ ಕಣ್ಣು ಮುಚ್ಚದ ಸಾಕುವವನು ಆರನೆಯ ದಿನ ಮಲಗಿದ. ಹೆಂಡತಿ ಮೂರು ಕೊಡ ಸುರಿದಳು. ಎದ್ದು ಬರುವಷ್ಟರಲ್ಲಿ ಹೊತ್ತು ಆಳೆತ್ತರ ಏರಿತ್ತು. ಹನ್ನೆರಡು ವರ್ಷದಲ್ಲಿ ಅದೊಂದೇ ದಿನ.

ಬಾಗಿಲ ಆಚೆ ಅವನ ಗರಿಯೂ ಬುತ್ತಿಯ ಬಟ್ಟಲೂ ಬಿದ್ದಿದ್ದವು.

"ಸ್ವಾಮಿ," ಎಂದ ಅವನು, "ನಮ್ಮಪ್ಪನಿಗೂ ಮಧ್ಯಾಹ್ನವೇ ಬೆಳಗು. ನಮ್ಮಜ್ಜ ತನ್ನ ಮದುವೆಯ ಮುಹೂರ್ತವನ್ನೇ ನಿದ್ದೆಯಲ್ಲಿ ಕಳೆದವನು, ಧಾರೆ ಸಂಜೆಗೆ ಎರೆದರು. ನಮ್ಮ ದಾರದಲ್ಲೂ ಒಂದು ಗಂಟು ಬೇರೆ ಇರಬಾರದೇ?"

ಪಂಡಿತ ನಕ್ಕ. "ನೊಣಕ್ಕೆ ಬುದ್ಧಿ ಇಲ್ಲ, ಅದಕ್ಕೆ ಅದು ಗಂಟು. ನಿನಗೆ ಬುದ್ಧಿ ಇದೆ, ಅದಕ್ಕೆ ಇದು ಸೋಮಾರಿತನ."

ಸಾಕುವವನು ಗರಿಯನ್ನು ಎತ್ತಿಕೊಂಡ. ಬಟ್ಟಲನ್ನು ಅಲ್ಲೇ ಬಿಟ್ಟು ಹೋದ.

ಗೂಳಪ್ಪ ಅಲ್ಲಿಗೆ ಕತೆ ಮುಗಿಸಿದರು. ಭರಮಣ್ಣನ ಮುಖ ಅಖಾಡದ ಮಣ್ಣಿನಷ್ಟು ಕೆಂಪಾಗಿತ್ತು. ಅವನು ತೊಡೆ ತಟ್ಟಿ ಎದ್ದೇಬಿಟ್ಟ.

"ಎಂಥ ಅನ್ಯಾಯ ಉಸ್ತಾದರೇ. ಕಂಡುಹಿಡಿದವನೇ ಅವನು. ನೊಣಕ್ಕೆ ಕೊಟ್ಟ ಮರ್ಯಾದೆಯಲ್ಲಿ ಕಾಸಿನಷ್ಟು ಅವನಿಗೆ ಕೊಡಬಾರದಿತ್ತೇ? ಅವನ ಊಟದ ಬಟ್ಟಲನ್ನು ಹೊರಗೆ ಎಸೆಯುವುದೆಂದರೇನು? ಆ ಪಂಡಿತ ಎಲ್ಲಿದ್ದಾನೆ ಹೇಳಿ. ಕತ್ತು ಹಿಡಿದು ಕೇಳಿಯೇ ಬಿಡುತ್ತೇನೆ."

ಗೂಳಪ್ಪ ಬಾಗಿಲ ಕಡೆಗೆ ಕೈ ತೋರಿಸಿದರು.

"ಆಚೆ ಬಿದ್ದಿರುವ ಲಂಗೋಟಿ ಎತ್ತಿಕೊಂಡು ಬನ್ನಿ, ಪಂಡಿತರೇ."